ಕಂದಕದಾಗಿನ ಮೀನು

...ಇಲ್ಲ, ನಾ ಕುಂದ್ರಂಗಿಲ್ಲ! ಕುರ್ಚಿ ಸರಸಬ್ಯಾಡ. ಸಿಂಧನೂರಿಂದ ಮಸ್ಕಿ ತನ ಬಸ್ಸಿನ್ಯಾಗ ನಿಂತ ಬಂದೀನಿ, ಇನ್ನೊಂದ ತಾಸ ನಿಂತ್ರ ನನ್ನ ಕಾಲೇನ ಮುರಿಯಂಗಿಲ್ಲ. ನೀರ ಬ್ಯಾಡ. ಚಾನೂ ಬ್ಯಾಡ. ಮೊದಲ ಉತ್ತರ ಕೊಡು, ಯಶೋಧರಾ... ಹೌದು, ಇವತ್ತ ಯಶೀ ಗಿಶೀ ಇಲ್ಲ, ಪೂರ್ತಿ ಹೆಸರ... ನನ್ನ ಚಾನಲ್‌ನಿಂದ ನಿನ್ನ ಹೆಸರ ಯಾಕ ತಗದಿ? ಮುಂಜಾನೆ ಎದ್ದ ಫೋನ್ ನೋಡ್ತೀನಿ, ಮಾಡರೇಟರ್ ಅಂತ ಇದ್ದ ಜಾಗಾದಾಗ ಯಾರೂ ಇಲ್ಲ! ನಾಕ ವರ್ಷ, ಬೇ! ನಾಕ ವರ್ಷ ನಾ ಮ್ಯಾಲ ಲೈವ್‌ನ್ಯಾಗ ಕಂಪ್ಯೂಟರ್ ಆಟ ಆಡಿಕೋತ ಹರಟಿ ಹೊಡದೀನಿ, ನೀ ಕೆಳಗ ಚಾಟ್‌ನ್ಯಾಗ ಕುಂತು ಮಂದೀನ ನೋಡ್ಕೊಂಡೀದಿ. ಹೊಲಸ ಬೈದವರನ್ನ ಹೊರಗ ಹಾಕೀದಿ, ಹೊಸದಾಗಿ ಬಂದವರಿಗೆ ನಮಸ್ಕಾರ ಹೇಳೀದಿ. ಈಗ ಒಂದ ಮಾತ ಹೇಳದ ಎದ್ದ ಹೋದ್ರ? ಫೋನ್ ಬ್ಯಾರೆ ಬಂದ್ ಮಾಡ್ಕೊಂಡ ಕುಂತೀದಿ!

ನಗಬ್ಯಾಡ. ...ತಲಿ ಅಳ್ಳಾಡಸ್ತಿ, ನಗಲಿಲ್ಲಾ? ಮತ್ತ ತುಟಿ ಯಾಕ ಅಳ್ಳಾಡ್ತು? ಬೆಳ್ಳುಳ್ಳಿ ಸುಲಿಯೋದ ಬಿಟ್ಟು ಈ ಕಡೆ ನೋಡು. ಡ್ಯೂಟಿ ಎರಡಕ್ಕ ಐತಿ ನಿಂದು, ನನಗ ಗೊತ್ತು. ದವಾಖಾನಿ ಎಲ್ಲೂ ಓಡಿ ಹೋಗಂಗಿಲ್ಲ.

ಈ ಆಯಿತ್ವಾರ ಏನೈತಿ, ನೆನಪೈತಾ? ಆಟ ಮಾರೋ ಕಂಪನಿ ಸೇಲ್! ಮೊದಲ ಪುಟದಾಗ ನಮ್ಮ ಲೈವ್ ಹಾಕ್ತಾರ. ಮೊದಲ ಪುಟ! ಆ್ಯಪ್ ತಗದ ಕೂಡ್ಲೆ ನನ್ನ ಮಾರಿ. ನಮ್ಮ ಮಾತಿನ್ಯಾಗ ಆಡಾಕಿ, ಅದೂ ಸಿಂಧನೂರಿನ ಹೆಣ್ಮಗಳು, ಯಾರರ ಇದ್ರಾ ಅಲ್ಲಿ ಇಷ್ಟ ದಿನ? ಕಂಪನಿಯಾಂವ ಫೋನ್ ಹಚ್ಚಿ ಮೊದಲ ಏನ ಕೇಳ್ದ ಗೊತ್ತೇನು? 'ನರ್ಸ್ ಅಕ್ಕ ಇರ್ತಾರಿಲ್ರೀ?' ಅಂತ. ನನ್ನ ಮಾತು ಮಂದಿ ನಗಾಕ ಕೇಳ್ತಾರ, ನಿನ್ನ ಮಾತು ನಂಬಾಕ ಕೇಳ್ತಾರ. ಅದು ಅವನಿಗೂ ಗೊತ್ತೈತಿ, ನನಗೂ ಗೊತ್ತೈತಿ. ಹೊಟ್ಟಿ ಉರೀತೈತಿ, ಆದ್ರೂ ಗೊತ್ತೈತಿ. ಅದಕ್ಕ ನೀ ಬರಬೇಕು. ನೀ ಇಲ್ದ ಆಯಿತ್ವಾರ ಇಲ್ಲ. ಅಷ್ಟ ಹೇಳಾಕ ಬಂದೀನಿ.

ಯಾರ ಕಿವಿ ಊದಿದ್ರು ನಿನಗ? ಯಾರೋ ಊದ್ಯಾರ! ನಾ, ಈ ಭಾಗ್ಯಶ್ರೀ, ದಗಾ ಮಾಡೀನಿ ಅಂದ್ರೇನು? ಏನ ದಗಾ? ಲೈವ್ ಕೆಳಗ 'ಕೊಳ್ಳಿ' ಅಂತ ಒಂದ ಗುಂಡಿ ಇರ್ತೈತಿ. ನಾ ಆಡೋ ಆಟ ಮನಸಿಗೆ ಬಂದವರು ಅದನ್ನ ಒತ್ತಿ ಕೊಳ್ತಾರ. ಕೊಂಡ್ರ ಕಂಪನಿ ನನಗೊಂದ ಪಾಲ ಕೊಡ್ತೈತಿ. ಖುಲ್ಲಾ ವ್ಯವಹಾರ! ನಮ್ಮಪ್ಪ ಗಂಜ್‌ನ್ಯಾಗ ಮಂದಿ ಭತ್ತ ಮಾರಿಸಿಕೊಟ್ಟು ದಲಾಲಿ ತಗೊಳ್ಳಂಗಿಲ್ಲೇನು? ಅವನಿಗೆ ಅಮರಗುಂಡಪ್ಪ ಸಾವ್ಕಾರ ಅಂತ ಕೈ ಮುಗೀತಾರ. ಮಗಳು ಅದನ್ನ ಕಂಪ್ಯೂಟರ್ ಮುಂದ ಕುಂತ ಮಾಡಿದ್ರ ಕಳ್ಳಿ!

ಏನು? ಬಾಯಿ ಅನ್ನಲಿಲ್ಲ, ನಿನ್ನ ಹುಬ್ಬ ಅಂತು. ನಮ್ಮಪ್ಪ ಚೀಲದ ತಳಕ್ಕ ಕೈ ಹಾಕಿ ಕಾಳ ತಗದ ನೋಡ್ತಾನ, ಹಸಿ ಇದ್ರ ಹಸಿ ಅಂತ ಎಲ್ಲಾರ ಮುಂದ ಹೇಳ್ತಾನ, ಅದ ತಾನೆ ನಿನ್ನ ಮನಸಿನ್ಯಾಗ? ಭತ್ತದ ಚೀಲಕ್ಕ ತಳ ಐತಿ. ಆಟಕ್ಕ ಎಲ್ಲಿ ತಳ ಹುಡುಕ್ಲಿ ನಾ?

'ಏಳು ಬಾಗಿಲ ಕೋಟೆ' ಛಲೋ ಆಟ ಇತ್ತೋ ಇಲ್ಲೋ? ಹೇಳು. ಮೊದಲನೇ ಬಾಗ್ಲು ಛಲೋ, ಎರಡನೇದು ಅದಕ್ಕಿಂತ ಛಲೋ. ಮೂರನೇ ಬಾಗ್ಲಿಗೆ ಹೋದ್ರ ಆಟ ನಿಂತ ಬಿಡ್ತೈತಿ, ಯಾರ ಕಂಪ್ಯೂಟರ್‌ನ್ಯಾಗೂ ಒಂದ ಹೆಜ್ಜಿ ಮುಂದ ಹೋಗಂಗಿಲ್ಲ ಅಂತ ನನಗೇನ ಕನಸ ಬಿದ್ದಿತ್ತಾ? ಆಟ ಮಾಡಿದಾಂವ ಪುಣೆದಾಗ ಅದಾನ. ಅವನ ಕೊಳ್ಳಪಟ್ಟಿ ಹಿಡೀರಿ! ಅಂವ ಸಿಗಂಗಿಲ್ಲ. ಭಾಗ್ಯಶ್ರೀ ಸಿಗ್ತಾಳ. ಭಾಗ್ಯಶ್ರೀ ಮನಿ ಎಲ್ಲಾರಿಗೂ ಗೊತ್ತು, ಅವರಪ್ಪನ ಅಂಗಡಿ ಎಲ್ಲಾರಿಗೂ ಗೊತ್ತು. ನಿನ್ನೆ ತುರ್ವಿಹಾಳದಿಂದ ಇಬ್ರ ಬಂದಿದ್ರು. ಅಂಗಡಿ ಮುಂದ ನಿಂತು, ಹಮಾಲರೆಲ್ಲಾ ಕೇಳಂಗ ಅಂತಾರ, 'ಅಕ್ಕಾರ, ನಿಮ್ಮ ಮಾತ ಕೇಳಿ ಕೊಂಡ್ವಿ, ಆಟ ನಡಿಯವಲ್ದು, ರೊಕ್ಕ ವಾಪಸ್ ಕೊಡಸ್ರಿ.' ನಮ್ಮಪ್ಪ ಮುನೀಮನ ಕಡೆ ತಿರುಗಿ ಕುಂತ. ರಾತ್ರಿ ಉಣ್ಣಾಕ ಕುಂತಾಗೂ ನನ್ನ ಮಾರಿ ನೋಡಲಿಲ್ಲ... ಮೂವತ್ತ ವರ್ಷದಾಗ ಇದ ಮೊದಲ ಸಲ, ಯಶೀ.

ಹೋಗ್ಲಿ ಬಿಡು. ವಾಪಸ್ ಹೆಂಗ ಕೊಡಸ್ಲಿ? ಎರಡ ತಾಸಿನ ಒಳಗ ಆಡಿ ಬ್ಯಾಡ ಅಂದ್ರ ಕಂಪನಿ ರೊಕ್ಕ ತಿರುಗಿ ಕೊಡ್ತೈತಿ. ಎರಡ ತಾಸ ಆಡಿಬಿಟ್ರ ಇಲ್ಲ. ಅದೇನ ನಾ ಮಾಡಿದ ಕಾಯ್ದೆನಾ? ವಾಪಸ್ ಆದ್ರ ನನ್ನ ಪಾಲೂ ವಾಪಸ್ ಹೋಗ್ತೈತಿ... ಅದು ಬ್ಯಾರೆ ಮಾತು. ಅದನ್ನ ಯಾಕ ಎತ್ತಿದೆ ನಾ? ಹಾಂ, ಕಾಯ್ದೆ ನಂದಲ್ಲ ಅಂತ ಹೇಳಾಕ.

ಮತ್ತ ಆ ಮೀನು! ಮೀನಿಂದೂ ಒಂದ ಮಾತ ಹುಟ್ಟಸ್ಯಾರ! ಅವತ್ತ ಲೈವ್‌ನ್ಯಾಗ ಆಟ ಕೊಂಡವರೆಲ್ಲಾ ತಾವೂ ನನ್ನ ಕೂಡ ಆಡಾಕತ್ತಿದ್ರು. ಕೋಟೆ ಸುತ್ತ ಕಂದಕ ಇತ್ತು, ಕಂದಕದಾಗ ನೀರಿತ್ತು, ನೀರಾಗ ಮೀನಿದ್ವು. 'ಮೂರನೇ ಬಾಗ್ಲಿಗೆ ಹೋಗೋ ಮುಂಚೆ ಎಲ್ಲಾರೂ ಗಾಳ ಹಾಕೂಣು, ದೊಡ್ಡ ಮೀನ ಹಿಡದವರ ಹೆಸರ ಲೈವ್‌ನ್ಯಾಗ ಕೂಗ್ತೀನಿ' ಅಂದೆ. ಎಷ್ಟ ಖುಷಿ ಪಟ್ರು ಮಂದಿ! ಲಿಂಗಸುಗೂರಿನವರು ಒಂದ ಕಡೆ, ಸಿಂಧನೂರಿನವರು ಒಂದ ಕಡೆ, ಪಂದ್ಯ ಕಟ್ಟಿದ್ರು. ಮುಕ್ಕಾಲ ತಾಸ ಗಾಳ ಹಾಕಿದ್ವಿ. ನಮ್ಮವ್ವ ಕಸ್ತೂರೆಮ್ಮ ಬಾಗ್ಲದಾಗ ನಿಂತು, 'ಶಿವಶಿವಾ, ನಮ್ಮ ಮನ್ಯಾಗ ಕುಂತು ಮೀನ ಹಿಡಿಯಾಕತ್ತೀದ್ಯಲ್ಲೇ' ಅಂತ ಎದಿ ಬಡ್ಕೊಂಡ್ಳು. ನೀನೂ ನಕ್ಕಿ ಅವತ್ತ, ಚಾಟ್‌ನ್ಯಾಗ ನಗು ಮಾರಿ ಹಾಕೀದಿ! ಈಗ ಅಂತಾರ, ಭಾಗ್ಯಕ್ಕ ಬೇಕಂತನ ಹೊತ್ತ ಕಳದ್ಲು, ಎರಡ ತಾಸ ದಾಟ್ಲಿ ಅಂತ ಮೀನ ಹಿಡಿಸಿದ್ಲು. ಎಂಥಾ ಮನಸು ನೋಡು ಮಂದೀದು! 'ಯಾರೂ ಎದ್ದ ಹೋಗಬ್ಯಾಡ್ರಿ, ಇನ್ನ ಸ್ವಲ್ಪ ಐತಿ' ಅಂತ ಬರದಾಕಿ ನೀನು. ನಾ ಅಲ್ಲ. ನಾ ಹೇಳಿದ್ದಕ್ಕ ಬರದಿ, ಖರೇ, ಆದ್ರ ಬರದಾಕಿ ನೀನು! ಆಡೋ ಮುಂದ ನನ್ನ ಕಣ್ಣ ಆಟದ ಮ್ಯಾಲ ಇರ್ತಾವ, ಚಾಟ್ ಕಡೆ ನಾ ನೋಡಂಗೇ ಇಲ್ಲ. ಅದು ನಿನ್ನ ಕೆಲಸ.

ಏನದು? ಟ್ರಂಕಿನಾಗಿಂದ ಏನ ತಗದಿ? ...ಕಾಗದಾ? ನನಗಾ? ಬಾಯಿಲೆ ಹೇಳಾಕ ಬರಂಗಿಲ್ಲೇನು? ಕೊಡು.

'ನಮ್ಮ ಲೈವ್ ನೋಡುವ ಎಲ್ಲರಿಗೂ ನಮಸ್ಕಾರ. ಆಟ ವಾಪಸ್ ಕೊಡಲು ಎಷ್ಟು ಸಮಯ ಇದೆ ಎಂದು ಆ ದಿನ ಚಾಟ್‌ನಲ್ಲಿ ಯಾರೋ ಕೇಳಿದ್ದರಂತೆ. ನಾನು ನೋಡಲಿಲ್ಲ. ಆಮೇಲೆ ಎಷ್ಟು ಹುಡುಕಿದರೂ ಆ ಪ್ರಶ್ನೆ ಸಿಗಲಿಲ್ಲ. ನೋಡಿ ಉತ್ತರ ಕೊಟ್ಟಿದ್ದರೆ ನಿಮ್ಮ ದುಡ್ಡು ಉಳಿಯುತ್ತಿತ್ತು. ತಪ್ಪು ನನ್ನದು. ಭಾಗ್ಯಶ್ರೀಗೆ ಏನೂ ಗೊತ್ತಿರಲಿಲ್ಲ. ಅವಳನ್ನು ಬೈಯಬೇಡಿ. ಯಶೋಧರಾ.'

...

ಆ ಕುರ್ಚಿ ಸರಸು ಈ ಕಡೆ.

ಇಷ್ಟಕ್ಕಾ? ಇಷ್ಟಕ್ಕ ನೀ ಹೆಸರ ತಗದು, ಫೋನ್ ಬಂದ್ ಮಾಡಿ, ಒಬ್ಬಾಕಿನ ಅತ್ಕೋತ ಕುಂತಿದ್ದಿ? ಕಣ್ಣ ಹೆಂಗ ಊದ್ಯಾವ ನೋಡು, ಬಂದಾಗ ನೋಡೇ ಇರಲಿಲ್ಲ. ಅಯ್ಯ ಹುಚ್ಚಿ! ನಾ ಏನೇನೋ ತಿಳ್ಕೊಂಡಿದ್ದೆ... ಏನಿಲ್ಲ. ಏನ ತಿಳ್ಕೊಂಡಿದ್ದೆ ಅನ್ನೋದು ಬಿಡು.

ಛಲೋ ಬರದೀದಿ. ಅಕ್ಷರ ಮುತ್ತಿನಂಗ ಅದಾವ. ಇದನ್ನ ಇವತ್ತ ಚಾನಲ್‌ನ್ಯಾಗ ಹಾಕಿಬಿಡು. ಮಂದಿ ನಿನಗ ಬೈಯಂಗಿಲ್ಲ, ಬೇ. ನರ್ಸ್ ಅಕ್ಕ ತಪ್ಪ ಒಪ್ಕೊಂಡ್ಳು ಅಂದ್ರ ಅವರ ಕಣ್ಣಾಗ ನೀರ ಬರ್ತಾವ. ಆಮ್ಯಾಲ ಆಯಿತ್ವಾರ ಇಬ್ರೂ ಕೂಡಿ ಲೈವ್ ಬರೂಣು. ನಾನೂ ಎಲ್ಲಾರ ಮುಂದ ಹೇಳ್ತೀನಿ, ನಮ್ಮ ಯಶೀ ಬೇಕಂತ ಮಾಡಿಲ್ಲ, ನಾ ಆಕೀನ ಮಾಫ್ ಮಾಡೀನಿ ಅಂತ. ಆತು? ಮುಗೀತು.

ಆದ್ರೂ ಖರೇ ಹೇಳ್ಲಾ? ಸಿಟ್ಟ ಬರ್ತೈತಿ ನಿನ್ನ ಮ್ಯಾಲ. ಲಿಂಗಸುಗೂರ ಬಸ್ಟ್ಯಾಂಡ್ ಹತ್ರ ಪಂಕ್ಚರ್ ಅಂಗಡಿ ಇಟ್ಕೊಂಡ ಮನಿಷ್ಯಾ, ಆ ಉಸ್ಮಾನ್‌ಸಾಬ್. ನಮಗ ಹತ್ತ ಮಂದಿ ಇಲ್ಲದಾಗಿಂದ ನೋಡಾಕತ್ಯಾನ. ಟೈಪ್ ಮಾಡಾಕ ಬರಂಗಿಲ್ಲ, ಫೋನಿಗೆ ಮಾತಾಡಿ ಬರಸ್ತಾನ. ಅಂಥಾಂವ 'ಭಾಗ್ಯಕ್ಕಾ, ವಾಪಸ್ ಮಾಡಾಕ ಎರಡ ತಾಸ ಅಷ್ಟ ಅಂತ, ಹೌದೇನು? ಮೀನ ಸಾಕು, ಬಾಗ್ಲ ತೋರ್ಸು' ಅಂತ ಒಂದ ಸಲ ಅಲ್ಲ, ಎರಡ ಸಲ ಕೇಳ್ಯಾನ. ಎರಡ ಸಲ! ಒಂದ ಸಲಾನೂ ನಿನ್ನ ಕಣ್ಣಿಗೆ ಬೀಳಲಿಲ್ಲ ಅಂದ್ರ ನೀ ಏನ...

ಯಾಕ ಹಂಗ ನೋಡಾಕತ್ತಿ?

ಏನಾತು? ಉಸ್ಮಾನ್‌ಸಾಬ್ ಅಂದೆ. ಅವನ ಕೇಳಿದ್ದಲ್ಲ? ಕಾಗದದಾಗ... 'ಯಾರೋ'... 'ಯಾರೋ ಕೇಳಿದ್ದರಂತೆ'... ಇಲ್ಲಿ ಹೆಸರಿಲ್ಲ. ಮತ್ತ ನೀನ ಹೇಳಿದ್ಯಲ್ಲ ಈಗ... ನಾ ಬಂದಾಗಿಂದ ನೀ ಬಾಯೇ ತಗದಿಲ್ಲ. ಹಾಂ, ತುರ್ವಿಹಾಳದವರು! ಅವರು ಹೇಳಿದ್ರು. ಅವರು ಚಾಟ್‌ನ್ಯಾಗ ನೋಡಿ... ಚಾಟ್‌ನ್ಯಾಗ ಉಳಿದಿದ್ರ ನಿನಗೂ ಸಿಗಬೇಕಿತ್ತು... ಇಲ್ಲ, ತಡಿ, ನಾ ಹೇಳೋದೇನಂದ್ರ... ಅಳಿಸೋ ಅಧಿಕಾರ ಇರೋದು ಇಬ್ಬರಿಗೇ. ಒಂದ ನಿನಗ...

ಕಣ್ಣ ತಗಿ ಆ ಕಡೆ! ಏನರ ಅನ್ನು ಬೇ! ಬೈ! ಸುಮ್ಕ ಕುಂತು ನನ್ನ ತಿನ್ನಬ್ಯಾಡ!

ಹೌದು! ನಾನ ಅಳಿಸೀನಿ! ಒಂದ ಕೈಲೆ ಗಾಳ ಹಿಡದಿದ್ದೆ, ಇನ್ನೊಂದ ಕೈಲೆ ಉಸ್ಮಾನ್‌ಸಾಬ್‌ನ ಮಾತ ಅಳಿಸಿದೆ. ಎರಡೂ ಸಲ. ಆತಾ? ಮೂರನೇ ಬಾಗ್ಲ ತೆರಿಯಂಗಿಲ್ಲ ಅಂತ ಅದಕ್ಕೂ ನಾಕ ದಿನ ಮೊದಲ ಗೊತ್ತಿತ್ತು. ಆಟ ನನಗ ಮೊದಲ ಕಳಸ್ತಾರ. ಆಡಿ ನೋಡಿದೆ, ನಿಂತ ಬಿಡ್ತು. ಮತ್ತ ಆಡಿದೆ, ಮತ್ತ ಅಲ್ಲೇ ನಿಂತು. ಪುಣೆದಾಂವಗ ಬರದ್ರ, 'ಮುಂದಿನ ತಿಂಗಳ ಸರಿ ಮಾಡ್ತೀನಿ, ಈಗ ನಡಸ್ರಿ' ಅಂದ. ನಡಿಸಿದೆ! ಕೊಂಡವರೊಳಗ ಎಷ್ಟ ಮಂದಿ ವಾಪಸ್ ಮಾಡ್ಲಿಲ್ಲ ಅನ್ನೋದನ್ನ ನೋಡಿ ಮೊದಲ ಪುಟ ಕೊಡ್ತಾರ, ಯಶೀ. ಅವರು ಬಿಟ್ಟ ಹೋಗಿದ್ರ ನನ್ನ ಮೊದಲ ಪುಟಾನೂ ಹೋಗ್ತಿತ್ತು. ನಾಕ ವರ್ಷ ಹಾಳಾಗ್ತಿತ್ತು. ನಿನಗ ಸರ್ಕಾರಿ ನೌಕ್ರಿ ಐತಿ, ತಿಂಗಳಾ ಪಗಾರ ಬರ್ತೈತಿ. ನನಗೇನೈತಿ? ಬಾಯಿ ಒಂದ ಐತಿ! ನಿನಗ ಹೇಳಿದ್ರ ನೀ ಬ್ಯಾಡ ಅಂತಿದ್ದಿ. ಅದಕ್ಕ ಹೇಳಲಿಲ್ಲ. ನಿನ್ನ ಕೈಲೇ ಬರಸಿದೆ, ನೀ ಬರದ್ರ ಮಂದಿ ಕುಂದ್ರತಾರ ಅಂತ.

ಬೈಯಂಗಿಲ್ಲಾ? ಈಗೂ ಬೈಯಂಗಿಲ್ಲಾ?

ಏನ ಮಾಡಾಕತ್ತಿ... ಹಾಳಿ ಯಾಕ ಕಸ್ಗೊಂಡಿ? ಹರಿಬ್ಯಾಡ! ...ಹರಿಯಾಕತ್ತಿಲ್ಲ. ತಿರುವಿದಿ. ಹಿಂದಿನ ಕಡೆ ಖಾಲಿ ಐತಿ. ಪೆನ್ ನನಗ ಯಾಕ?

ನಾ ಬರೀಬೇಕಾ? ಆತು. ತಾ ಇಲ್ಲಿ. ಬರೀತೀನಿ. ಇದ್ದದ್ದ ಇದ್ದಂಗ ಬರದು, ಸಹಿ ಮಾಡಿ, ಚಾನಲ್‌ನ್ಯಾಗ ಹಾಕ್ತೀನಿ. ಲಿಂಗಸುಗೂರಿಗೆ ಹೋಗಿ ಉಸ್ಮಾನ್‌ಸಾಬ್‌ಗೂ ಹೇಳ್ತೀನಿ. ನಮ್ಮಪ್ಪಗೂ ಹೇಳ್ತೀನಿ, ಬೇಕಾದ್ರ ಹಮಾಲರ ಮುಂದ ಹೇಳ್ತೀನಿ. ಆದ್ರ ಆಯಿತ್ವಾರ ನೀ ಬರ್ತಿ. ಹೌದಿಲ್ಲೋ? ನಾ ಬರದ್ರ ನೀ ಬರ್ತಿ.

ತಲಿ ಯಾಕ ಅಳ್ಳಾಡಸ್ತಿ?

ಬರಂಗಿಲ್ಲಾ? ಇಷ್ಟೆಲ್ಲಾ ಬರದ ಹಾಕಿದ್ರೂ ಬರಂಗಿಲ್ಲಾ? ಆಯಿತ್ವಾರನೂ ಇಲ್ಲ, ಮುಂದೂ ಇಲ್ಲಾ? ಹಂಗಾದ್ರ ನಾ ಯಾಕ ಬರೀಲಿ ಬೇ!

...

ಯಶೀ. ಸಿಟ್ಟಿನ್ಯಾಗ ಬಂತು ಅದು. ಬಾಯಿ ತಪ್ಪಿ ಬಂತು. ನಾ ಹಂಗ ಅನ್ನಾಕಿ ಅಲ್ಲ. ನೀ ಅದನ್ನ ಕೇಳಸ್ಕೊಳ್ಳಲಿಲ್ಲ, ಹೌದಿಲ್ಲೋ?

...ಕೇಳಸ್ಕೊಂಡಿ.