ಕಡಲ ತಳದ ಕಪ್ಪು ಪದರ

ಮಾನ್ಯ ಅಧ್ಯಕ್ಷರೇ, ದೂರದಿಂದ ಬಂದಿರುವ ಅತಿಥಿಗಳೇ, ಮೂವತ್ತೊಂದು ವರ್ಷ ನನ್ನ ಕೈಯ ಕೆಸರಿನ ವಾಸನೆ ಸಹಿಸಿಕೊಂಡ ಸಹೋದ್ಯೋಗಿಗಳೇ, ಸಭಿಕರೇ,

ಬೀಳ್ಕೊಡುಗೆಯ ಮಾತು ಐದು ನಿಮಿಷ ಮೀರಬಾರದೆಂದು ಅಧ್ಯಕ್ಷರ ಅಪ್ಪಣೆಯಾಗಿದೆ. ಗೇಣುದ್ದದ ಕೆಸರಿನಲ್ಲಿ ನೂರಾರು ವರ್ಷ ಓದುವವಳಿಗೆ ಐದು ನಿಮಿಷ ಧಾರಾಳವಾಯಿತು.

ನನ್ನ ಕೆಲಸವಾದರೂ ಏನು? ಹಡಗಿನವರು ಆಳ ಸಮುದ್ರದ ತಳಕ್ಕೆ ಉದ್ದನೆಯ ಕೊಳವೆ ಇಳಿಸಿ ಕೆಸರು ತರುತ್ತಾರೆ. ನಾನು ಅದನ್ನು ಸೀಳಿ ಪದರ ಪದರವಾಗಿ ನೋಡುತ್ತೇನೆ. ನದಿ ತುಂಬಿ ಹರಿದ ವರ್ಷ ದಪ್ಪ ಪದರ, ಸೊರಗಿದ ವರ್ಷ ತೆಳು ಪದರ. ಅಣೆಕಟ್ಟು ಎದ್ದ ಮೇಲಂತೂ ಕಾಗದದಷ್ಟು ತೆಳ್ಳಗೆ. ಮಣ್ಣೆಲ್ಲ ಕಟ್ಟೆಯ ಹಿಂದೆಯೇ ನಿಂತುಬಿಡುತ್ತದಲ್ಲ.

ಎರಡು ತಿಂಗಳ ಹಿಂದೆ, ನಮ್ಮ ನದಿ ಸೇರುವ ಕಡಲಿನಿಂದಲೇ ಒಂದು ಕೊಳವೆ ಬಂತು. ಆ ತೆಳು ಪದರಗಳ ನಡುವೆ ನಾಲ್ಕು ಬೆರಳು ದಪ್ಪದ ಕಪ್ಪು ಪಟ್ಟಿ. ಕಾಲ ಲೆಕ್ಕ ಹಾಕಿದೆ. ನಲವತ್ತೆಂಟು ವರ್ಷ ಹಿಂದಿನದು. ದೊಡ್ಡ ನೆರೆ ಬಂದ ವರ್ಷ. ನನಗಾಗ ಹನ್ನೆರಡು. ಕೆಳಗಿನ ಊರಿನಲ್ಲಿ ದೋಣಿ ಮಗುಚಿ ಹನ್ನೊಂದು ಜನ ಹೋದರು. ಅವರಲ್ಲಿ ಒಬ್ಬರು, ದೋಣಿ ನಡೆಸುತ್ತಿದ್ದವರು, ನನ್ನ ಸೋದರಮಾವ, ಅಮ್ಮನ ತಮ್ಮ.

ಅಪ್ಪ ಆಗ ಅಣೆಕಟ್ಟಿನ ಗೇಟುಗಳ ಮೇಲ್ವಿಚಾರಕರು. "ಗೇಟು ತೆಗೆದೇ ಇಲ್ಲ, ಕಟ್ಟೆಯ ಕೆಳಗಿನ ಹಳ್ಳಗಳು ಉಕ್ಕಿದ್ದು" ಎಂದು ವಿಚಾರಣೆಯಲ್ಲಿ ಹೇಳಿದರು. ಮನೆಯಲ್ಲೂ ಹೇಳಿದರು. ನಂಬಿದೆವು. ಅಪ್ಪನನ್ನು ನಂಬದೆ ಇನ್ನಾರನ್ನು ನಂಬುವುದು?

ಆ ಕಪ್ಪು ಕೆಸರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ನಿಂತ ನೀರಿನಲ್ಲಷ್ಟೇ ಬೆಳೆಯುವ ಪಾಚಿಯ ಚಿಪ್ಪುಗಳು, ಲೆಕ್ಕವಿಲ್ಲದಷ್ಟು. ಹರಿಯುವ ಹಳ್ಳದಲ್ಲಿ ಅವು ಎಲ್ಲಿಂದ ಬರಬೇಕು? ಅದು ಜಲಾಶಯದ ತಳದ ಹೂಳು. ತಳದ ಗೇಟು ತೆರೆಯದೆ ಅಷ್ಟು ಹೂಳು ಹೊರಬೀಳುವುದಿಲ್ಲ. ಮೂರು ಸಲ ಹೊಸ ಚೂರು ತೆಗೆದು ನೋಡಿದೆ. ಮೂರು ಸಲವೂ ಅದೇ.

ಮನೆಗೆ ಹೋದಾಗ ಅಪ್ಪ ಕಿಟಕಿಯ ಬಳಿ ಕೂತು ಕನ್ನಡಕ ಒರೆಸುತ್ತಿದ್ದರು. ಹೇಳಿದೆ. ಅವರು ಕೇಳಿದ್ದು ಒಂದೇ: "ಅದಿನ್ನೂ ಅಲ್ಲೇ ಇದೆಯಾ?"

ಸಭಿಕರೇ, ಇಲ್ಲವೆಂದು ವಾದಿಸುತ್ತಾರೆ ಅಂದುಕೊಂಡು ಹೋಗಿದ್ದೆ. ಈ ಪ್ರಶ್ನೆಗೆ ನಾನು ಸಿದ್ಧಳಾಗಿರಲಿಲ್ಲ.

"ತೆಗೀದೇ ಇದ್ರೆ ಕಟ್ಟೆನೇ ಒಡೀತಿತ್ತಮ್ಮ. ಅಪ್ಪಣೆಗೆ ಕಾಯದೆ ತೆಗೆದೆ. ಸೈರನ್ ಊದಿಸಿದ್ರೆ ಗೇಟು ತೆಗೆದಿದ್ದು ಎಲ್ಲರಿಗೂ ಗೊತ್ತಾಗುತ್ತಲ್ಲ ಅಂತ... ಊದಿಸ್ಲಿಲ್ಲ."

"ಅಮ್ಮನಿಗೆ?"

"ಗೊತ್ತಿತ್ತು. ಅವತ್ತೇ ಹೇಳಿದ್ದೆ."

ಅಮ್ಮ ತೀರಿಕೊಂಡು ಆರು ವರ್ಷವಾಯಿತು. ಅಲ್ಲಿಯವರೆಗೂ ತಮ್ಮನ ಫೋಟೋದ ಧೂಳು ಒರೆಸಿದರು, ಅಪ್ಪನ ಅಂಗಿಗೆ ಗುಂಡಿ ಹೊಲಿದರು. ಎರಡನ್ನೂ ಅದೇ ಕೈಯಿಂದ! ಅದು ಹೇಗೆ ಸಾಧ್ಯವಾಯಿತು? ಹೇಗೆ? ನನಗೆ ಈಗಲೂ ತಿಳಿಯುತ್ತಿಲ್ಲ.

ಕ್ಷಮಿಸಿ. ನಾನು ಬರೆದುಕೊಂಡು ಬಂದ ಭಾಷಣ ಇದಲ್ಲ.

ವರದಿಯಲ್ಲಿ ಎಲ್ಲವನ್ನೂ ಬರೆದಿದ್ದೇನೆ. ಅಪ್ಪ ಸಹಿ ಹಾಕಿದ ಹೇಳಿಕೆಯೂ ಜೊತೆಗಿದೆ. ಊಟಕ್ಕೆ ನಿಲ್ಲಲಾರೆ, ಕೆಳಗಿನ ಊರಿನ ಬಸ್ಸು ಹಿಡಿಯಬೇಕು. ಅಪ್ಪ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಾರೆ. ಹನ್ನೊಂದು ಮನೆಗೂ ತಾವೇ ಹೋಗಿ ಹೇಳಬೇಕಂತೆ. ಮೊದಲು ಅತ್ತೆಯ ಮನೆಗೆ, ಆ ಸೋದರಮಾವನ ಹೆಂಡತಿಯ ಮನೆಗೆ.

"ಅತ್ತೆ ಬಾಗಿಲು ತೆಗೀದಿದ್ರೆ?" ಅಂದೆ.

"ತೆಗೆಯೋ ತನಕ ನಿಂತಿರ್ತೀನಿ" ಅಂದರು.

ಎಂಬತ್ತಾರು ವರ್ಷದ ಕಾಲು, ಎಷ್ಟು ಹೊತ್ತು ನಿಂತೀತು? ಪಕ್ಕದಲ್ಲಿ ನಾನಿರಬೇಕು.

ಇಷ್ಟು ವರ್ಷ ಜೊತೆಗಿದ್ದ ನಿಮಗೆಲ್ಲ ಕೃತಜ್ಞಳು. ನನ್ನನ್ನು ಕಳಿಸಿಕೊಡಿ. ನಮಸ್ಕಾರ.