ಬಲಗಡೆಯ ಸಪ್ಪಳ

ಅಧ್ಯಕ್ಷ ಸ್ಥಾನದಲ್ಲಿರುವ ಹೆಡ್‌ಮಾಸ್ತರರೇ, ಹುಬ್ಬಳ್ಳಿಯಿಂದ ಬಿಸಿಲಲ್ಲಿ ಬಂದ ಅತಿಥಿಗಳೇ, ಯರಗುಪ್ಪಿಯ ತಾಯಂದಿರೇ, ಮಕ್ಕಳೇ, ಸಭಿಕರೇ,

ವಿಜ್ಞಾನ ಸಂಘದ ಉದ್ಘಾಟನೆಗೆ ನಾಲ್ಕು ಮಾತು ಆಡೆಂದಿದ್ದಾರೆ. ಮಕ್ಕಳು ತಮಗೆ ವಿಜ್ಞಾನ ಕಲಿಸುವ ನನ್ನನ್ನು ಬೆನ್ನ ಹಿಂದೆ "ನೆಗಡಿ ಅಕ್ಕೋರು" ಎನ್ನುವುದು ನನಗೆ ಗೊತ್ತು. ನಗಿರಿ, ನಗಿರಿ. ಇಂದಿನ ವಿಷಯವೂ ಆ ನೆಗಡಿಯದೇ.

ನಮ್ಮ ಶ್ವಾಸನಾಳದೊಳಗೆ ಕಣ್ಣಿಗೆ ಕಾಣದ ಕೂದಲುಗಳಿವೆ. ಜೋಳದ ಹೊಲದಂತೆ ತೂಗಾಡಿ ಅವು ಕಫವನ್ನು ಮೇಲಕ್ಕೆ ದೂಡುತ್ತವೆ. ಗಾಳಿಯಿಲ್ಲದೆ ತೂಗಾಡುವುದು ಹೇಗೆ? ಪ್ರತಿ ಕೂದಲಿನೊಳಗೂ ಡೈನೀನ್ ಎಂಬ ಪ್ರೋಟೀನು ದುಡಿಯುತ್ತಿರುತ್ತದೆ. ಸತ್ತ ಕಪ್ಪೆಯ ಬಾಯೊಳಗೆ ಉದುರಿಸಿದ ಇದ್ದಿಲ ಪುಡಿ ತಾನಾಗಿ ಗಂಟಲಿನತ್ತ ಸರಿದದ್ದನ್ನು ಹತ್ತನೆಯ ತರಗತಿಯವರು ನೋಡಿದ್ದೀರಿ. ಹಾಗಾದರೆ ಕಪ್ಪೆ ಸತ್ತಿತೆಂದು ಹೇಳಿದವರು ಯಾರು?

ಕೆಲವರಲ್ಲಿ ಹುಟ್ಟಿನಿಂದಲೇ ಈ ಡೈನೀನ್ ಕೆಲಸ ಮಾಡುವುದಿಲ್ಲ. ನೆಗಡಿ, ಕೆಮ್ಮು ಬಿಡುವುದೇ ಇಲ್ಲ. ಅಂಥವರಲ್ಲಿ ಅರ್ಧದಷ್ಟು ಜನರಿಗೆ ಹೃದಯ ಬಲಗಡೆ ಇರುತ್ತದೆ. ತಾಯಿಯ ಹೊಟ್ಟೆಯಲ್ಲಿ ಕೂಸಿನ ಎಡಬಲ ಗೊತ್ತುಮಾಡುವುದೂ ಇಂಥ ಕೂದಲುಗಳೇ ಇರಬೇಕೆಂದು ವಿಜ್ಞಾನಿಗಳ ಊಹೆ.

ನನ್ನ ಅಕ್ಕ ಸಾವಕ್ಕನಿಗೂ ಸದಾ ಕೆಮ್ಮು. ಎದೆ ಮುಟ್ಟಿ ಆಣೆ ಮಾಡೆಂದರೆ ಬಲಕ್ಕೆ ಕೈ ಇಡುತ್ತಿದ್ದಳು.

"ಸುಳ್ಳ ಆಣಿ ಮಾಡ್ತಿಯೇನ? ಜೀವ ಎಡಕ ಇರತೈತಿ" ಎಂದು ಅವ್ವ ಗದರುವಳು.

"ನಂದು ಇಲ್ಲೇ ಬಡಕೊಳ್ಳತೈತಿ ಬೇ" ಎಂದು ಅವಳು ಅಳುವಳು.

ಒಂದು ಮಳೆಗಾಲ ಜ್ವರ ಏರಿ ಅಲುಗಾಡದೆ ಮಲಗಿದಳು. ಓಣಿಯ ಹಿರಿಯರಾದ ಉಡಚಪ್ಪ ಕಾಕಾ ಎಡ ಎದೆಗೆ ಕಿವಿಯಿಟ್ಟರು.

"ಸಪ್ಪಳ ಇಲ್ಲವ್ವಾ. ಹೋತು ಕೂಸು."

"ಮೈ ಇನ್ನೂ ಬೆಚ್ಚಗೈತ್ರಿ ಕಾಕಾ" ಎಂದಳು ಅವ್ವ.

"ಜ್ವರದ ಕಾವು ಅದು."

ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಿದರು. ಕಾಕಾ ಕೆಟ್ಟವರಲ್ಲ. ಊರಲ್ಲಿ ಎಲ್ಲರನ್ನೂ ಹಾಗೆಯೇ ಎಡಕ್ಕೆ ಕಿವಿಯಿಟ್ಟು ನೋಡುತ್ತಿದ್ದರು.

ಹೋದ ತಿಂಗಳು ಹುಬ್ಬಳ್ಳಿಯಲ್ಲಿ ನನ್ನ ಎದೆಯ ಎಕ್ಸ್‌ರೇ ತೆಗೆದರು. ಫಿಲ್ಮನ್ನು ತಿರುವುಮುರುವಾಗಿ ಹಿಡಿದೆನೆಂದುಕೊಂಡು ಡಾಕ್ಟರು ಮತ್ತೆ ಮತ್ತೆ ಹೊರಳಿಸಿ ನೋಡಿದರು. ನನ್ನ ಹೃದಯವೂ ಬಲಗಡೆಯೇ ಇತ್ತು. ಅಂದಿನಿಂದ ನನಗೆ ಹೆದರಿಕೆ. ಮಣ್ಣಿನೊಳಗೆ ಅಕ್ಕನಿಗೆ ಎಚ್ಚರವಾಯಿತೇ? ನಮ್ಮನ್ನು ಕರೆದಳೇ? ಅವ್ವನಿಗೆ ನಾನಿನ್ನೂ ಹೇಳಿಲ್ಲ, ನೀವೂ ಹೇಳಬೇಡಿ.

ಸಂಘದ ವಿಷಯ ಎಲ್ಲಿಗೋ ಹೋಯಿತು, ಕ್ಷಮಿಸಿ. ನಿಮ್ಮಲ್ಲಿ ಒಂದೇ ವಿನಂತಿ. ಈ ಮಾದೇವಿ ಕಣ್ಣು ಮುಚ್ಚಿದ ದಿನ ಯಾರಾದರೂ ಬಲಗಡೆ ಕಿವಿಯಿಡಿ. ಅವಸರ ಮಾಡಬೇಡಿ.

ಇಷ್ಟು ಹೊತ್ತು ಸದ್ದಿಲ್ಲದೆ ಕೇಳಿದಿರಿ. ಎಲ್ಲರಿಗೂ ಋಣಿ. ನಮಸ್ಕಾರ.