ಒಗೆದ ಶಾಲು

ಔಷಧಿ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಹೆಂಗಸರಿದ್ದರು. ಒಬ್ಬರ ಕೊರಳಲ್ಲಿ ಮರದ ಶಿಲುಬೆ. ಇನ್ನೊಬ್ಬಳು ಈಗಷ್ಟೇ ಕಾಯಿಲೆಯಿಂದ ಎದ್ದವಳಂತೆ ಕಂಬಕ್ಕೆ ಒರಗಿದ್ದಳು.

"ಮಗಳು ಮನೇಲಿ ಹೊಂದ್ಕೊಂಡ್ಳಾ?" ಶಿಲುಬೆಯವರು ಕೇಳಿದರು.

"ಹಗಲೆಲ್ಲ ನನ್ನ ಸೆರಗು ಬಿಡಲ್ಲ ಸಿಸ್ಟರ್. ಮಲಗೋ ಹೊತ್ತಿಗೇ ರಗಳೆ. ನೀವು ಕಲಿಸಿದ ಪ್ರಾರ್ಥನೆ ಮುಗಿಸ್ತಾಳೆ, ಆಮೇಲೂ ನಿದ್ದೆ ಇಲ್ಲ."

"ನೀವು ಆಸ್ಪತ್ರೆ ಸೇರಿದಾಗ ನಮ್ಮ ಮಕ್ಕಳ ಆಶ್ರಮಕ್ಕೆ ಬಂದ ಹೊಸದ್ರಲ್ಲೂ ಹಾಗೇ. ನಿಮ್ಮ ಶಾಲು ತಬ್ಕೊಂಡ್ರೇ ನಿದ್ದೆ. ಕೊಳೆಯಾಗಿದೆ ಅಂತ ನಾನು ಸೋಪು ಹಾಕಿ ಒಗೆದುಬಿಟ್ಟೆ ನೋಡಿ, ಅಮ್ಮನ ವಾಸನೆ ಹೋಯ್ತು ಅಂತ ಊರು ಒಂದಾಗೋ ಹಾಗೆ ಅತ್ಲು!"

"ಅದಕ್ಕೇ ಅಲ್ವಾ ನೀವು ಆಸ್ಪತ್ರೆಗೆ ಓಡಿ ಬಂದಿದ್ದು? ಈ ಶಾಲು ಹೊದ್ದು ಮಲಗಿ, ಬೆಳಿಗ್ಗೆ ತಗೊಂಡು ಹೋಗ್ತೀನಿ ಅಂದ್ರಿ. ಆಮೇಲೆ ವಾರ ವಾರ ಬಂದ್ರಿ. ಒಡಹುಟ್ಟಿದೋರೂ ಆ ಕಡೆ ತಲೆ ಹಾಕಿರ್ಲಿಲ್ಲ."

"ತಪ್ಪು ಮಾಡಿದೋಳು ನಾನು, ಓಡಾಡ್ಬೇಕಲ್ವಾ?"

"ಈಗ ಇನ್ನೊಂದು ಹಟ ಹಿಡಿದಿದಾಳೆ. ಕೇಳೋಕೆ ನಂಗೇ ಸಂಕೋಚ."

"ಅಯ್ಯೋ, ಹೇಳಿ."

"ಶಾಲು ಬೇಡ್ವಂತೆ, ಅಮ್ಮನೇ ಇದಾಳಲ್ಲ. ನಿಮ್ದು ಏನಾದ್ರೂ ಬೇಕಂತೆ."

ಸಿಸ್ಟರ್ ಮೈಮೇಲಿದ್ದ ಬೂದು ಸ್ವೆಟರ್ ಬಿಚ್ಚಿ ಮೂಗಿನ ಹತ್ತಿರ ಹಿಡಿದರು.

"ಅಡುಗೆಮನೆಯಿಂದ ಹಾಗೇ ಬಂದೆ, ಈರುಳ್ಳಿ ಘಾಟು. ಒಗೆದು ನಾಳೆ ಕೊಡ್ಲಾ?"

"ಮತ್ತೆ ಅದೇ ತಪ್ಪಾ, ಸಿಸ್ಟರ್!"

ಇಬ್ಬರೂ ನಕ್ಕುಬಿಟ್ಟರು. ಅಷ್ಟರಲ್ಲಿ ಔಷಧಿ ಕೈಗೆ ಬಂತು. ತಾಯಿ ಅದನ್ನು ಚೀಲಕ್ಕೆ ಹಾಕಿಕೊಂಡಳು; ಸ್ವೆಟರನ್ನು ಮಾತ್ರ ಎದೆಗವುಚಿಕೊಂಡೇ ಹೊರಟಳು.